ಕೆಲಸ ಗುತ್ತಿಗೆಗೆ, ಹೊಣೆ ಪಂಚಾಯಿತಿಗೆ: ಗುತ್ತಿಗೆದಾರರ ವಿಮೆ ಮತ್ತು ನಷ್ಟ ಪರಿಹಾರ ಕುರಿತ ಅಧ್ಯಯನ ಪಾಠ

(ಗ್ರಾಮ ಪಂಚಾಯಿತಿಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅಧ್ಯಯನಕ್ಕಾಗಿ)

ಪೀಠಿಕೆ

ಬಿ.ಟಿ.ಎಂ. ಬಡಾವಣೆ ಎಂಬ ಹೆಸರಿನಲ್ಲಿ ಮೂರು ಹಳ್ಳಿಗಳು ಅಡಗಿವೆ: ಬೈರಸಂದ್ರ, ತಾವರೆಕೆರೆ, ಮಡಿವಾಳ. ಒಂದು ಕಾಲಕ್ಕೆ ಕೆರೆ, ಗದ್ದೆ, ತೋಪುಗಳ ನಡುವೆ ಇದ್ದ ಈ ಊರುಗಳು ಇಂದು ನಗರದ ನಡುಭಾಗವಾಗಿವೆ. ಜಯನಗರ, ಜೆ.ಪಿ. ನಗರ, ಬನಶಂಕರಿ ದಾಟಿ ಕನಕಪುರ ರಸ್ತೆ ಮತ್ತು ಬನ್ನೇರುಘಟ್ಟ ರಸ್ತೆಗಳಲ್ಲಿ ಮುಂದೆ ಸಾಗಿದರೆ ಸಿಗುವ ನಮ್ಮ ಗ್ರಾಮ ಪಂಚಾಯಿತಿಗಳು ಅದೇ ಬದಲಾವಣೆಯ ಹೊಸ್ತಿಲಲ್ಲಿ ನಿಂತಿವೆ. ಹಿಂದೆ ಊರಿನವರೇ ಕೂಡಿ ಮಾಡುತ್ತಿದ್ದ ಕೆಲಸಗಳನ್ನು ಇಂದು ಹೊರಗಿನ ಏಜೆನ್ಸಿಗಳು ಮಾಡುತ್ತಿವೆ. ಮೇಲ್ಮಟ್ಟದ ನೀರಿನ ತೊಟ್ಟಿಯನ್ನು ತೊಳೆಯುವವರು, ಬೀದಿದೀಪ ದುರಸ್ತಿ ಮಾಡುವವರು, ಕೊಳವೆಬಾವಿ ಕೊರೆಯುವವರು, ಚರಂಡಿ ಕಟ್ಟುವವರು, ಟ್ಯಾಂಕರಿನಲ್ಲಿ ನೀರು ತರುವವರು, ಶೌಚಗುಂಡಿ ಬರಿದು ಮಾಡುವವರು ಬಹುಮಟ್ಟಿಗೆ ಗುತ್ತಿಗೆದಾರರು, ಇಲ್ಲವೇ ಗುತ್ತಿಗೆದಾರರಿಂದ ಕೆಲಸ ಪಡೆದ ಉಪಗುತ್ತಿಗೆದಾರರು.

ಇಂತಹ ಕೆಲಸದಲ್ಲಿ ಅವಘಡ ಸಂಭವಿಸಿದಾಗ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: “ಅದು ಗುತ್ತಿಗೆದಾರನ ಕೆಲಸ, ಪಂಚಾಯಿತಿಗೆ ಸಂಬಂಧವಿಲ್ಲ.” ಈ ಮಾತು ಕಾನೂನಿನ ಮುಂದೆ ಎಷ್ಟರಮಟ್ಟಿಗೆ ನಿಲ್ಲುತ್ತದೆ, ನಿಲ್ಲದಿದ್ದಲ್ಲಿ ಪಂಚಾಯಿತಿಯ ನಿಧಿಯನ್ನೂ ದುಡಿಯುವವರ ಕುಟುಂಬವನ್ನೂ ಕಾಪಾಡಿಕೊಳ್ಳುವ ಮಾರ್ಗ ಯಾವುದು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಹೊಣೆಯ ಮೂಲ

1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯು 2009ರ ತಿದ್ದುಪಡಿಯ ನಂತರ ನೌಕರರ ನಷ್ಟ ಪರಿಹಾರ ಕಾಯ್ದೆ ಎಂದು ಹೆಸರು ಪಡೆಯಿತು. ಅದರ 12ನೆಯ ಕಲಮಿನ ತಿರುಳು ಹೀಗಿದೆ: ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮೂಲ ಮಾಲೀಕನು, ಗುತ್ತಿಗೆದಾರನ ಕಾರ್ಮಿಕನಿಗೆ ಕೆಲಸದಲ್ಲಿ ಅಪಘಾತವಾದಾಗ, ಆ ಕಾರ್ಮಿಕನನ್ನು ತಾನೇ ನೇಮಿಸಿಕೊಂಡಿದ್ದರೆ ಹೇಗೋ ಹಾಗೆಯೇ ಪರಿಹಾರಕ್ಕೆ ಬಾಧ್ಯನಾಗುತ್ತಾನೆ. ಹೀಗೆ ಕೊಟ್ಟ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಮಾಲೀಕನಿಗೆ ಉಂಟು. ಆದರೆ ಮೊದಲು ಕೊಡಬೇಕು, ನಂತರ ವಸೂಲು ಮಾಡಬೇಕು. ಅಪಘಾತವು ಮಾಲೀಕನ ಸುಪರ್ದಿಗಾಗಲಿ ಕಾಮಗಾರಿಗಾಗಲಿ ಸೇರದ ಬೇರೆ ಸ್ಥಳದಲ್ಲಿ ನಡೆದಿದ್ದರೆ ಮಾತ್ರ ಈ ಕಲಮು ಅನ್ವಯಿಸುವುದಿಲ್ಲ.

“ಪಂಚಾಯಿತಿಯೇನು ವ್ಯಾಪಾರ ಮಾಡುತ್ತದೆಯೇ?” ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಅದೇ ಕಾಯ್ದೆಯ 2ನೆಯ ಕಲಮಿನ 2ನೆಯ ಉಪಕಲಮಿನಲ್ಲಿದೆ. ಸ್ಥಳೀಯ ಪ್ರಾಧಿಕಾರವು ತನ್ನ ಅಧಿಕಾರ ಮತ್ತು ಕರ್ತವ್ಯಗಳನ್ನು ನಿರ್ವಹಿಸುವುದನ್ನೇ ಅದರ ವ್ಯವಹಾರವೆಂದು ಭಾವಿಸತಕ್ಕದ್ದು ಎಂದು ಅಲ್ಲಿ ಹೇಳಿದೆ. ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪ, ಚರಂಡಿ ಇವು ಪಂಚಾಯಿತಿಯ ಕರ್ತವ್ಯಗಳು. ಆದ್ದರಿಂದ ಇವುಗಳನ್ನು ಯಾರ ಕೈಯಿಂದ ಮಾಡಿಸಿದರೂ ಪಂಚಾಯಿತಿಯು ಮೂಲ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತದೆ.

ಸಾಮಾಜಿಕ ಭದ್ರತಾ ಸಂಹಿತೆ, 2020 ಸೇರಿದಂತೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಗುತ್ತಿಗೆದಾರನ ಕಾರ್ಮಿಕನ ವಿಷಯದಲ್ಲಿ ಮೂಲ ಮಾಲೀಕನೂ ಬಾಧ್ಯನೆಂಬ ತತ್ತ್ವವು ಹೊಸ ಸಂಹಿತೆಯಲ್ಲಿಯೂ ಮುಂದುವರಿದಿದೆ. ಈ ಪಾಠದಲ್ಲಿ ಕಲಮುಗಳನ್ನು ಬಹುಕಾಲದಿಂದ ರೂಢಿಯಲ್ಲಿರುವ 1923ರ ಕಾಯ್ದೆಯಂತೆ ಉಲ್ಲೇಖಿಸಲಾಗಿದೆ.

ಇದು ಕಾರ್ಮಿಕರ ಮಾತಾಯಿತು. ದಾರಿಹೋಕರು, ನಿವಾಸಿಗಳು, ಮಕ್ಕಳು ಹಾನಿಗೊಳಗಾದಾಗ ಹೊಣೆಯ ಸ್ವರೂಪ ಬೇರೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನರು ಮೃತಪಟ್ಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಸ್ಥಳೀಯ ಸಂಸ್ಥೆಯನ್ನೇ ಹೊಣೆ ಮಾಡಿತು. ರಸ್ತೆಯ ಬದಿಯ ಕಟ್ಟಡದ ದೋಷ ಹೊರಗೆ ಕಾಣುವಂತಹದಿರಲಿ, ಒಳಗೆ ಅಡಗಿದ್ದಿರಲಿ, ಅದನ್ನು ಸುಸ್ಥಿತಿಯಲ್ಲಿಡುವುದು ಮಾಲೀಕನ ಕರ್ತವ್ಯ ಎಂಬುದು ಅದರ ಸಾರ. ಹಳೆಯ ನೀರಿನ ತೊಟ್ಟಿ, ಶಿಥಿಲವಾದ ಸಮುದಾಯ ಭವನ ಇರುವ ಪಂಚಾಯಿತಿಗಳು ಈ ತೀರ್ಪನ್ನು ನೆನಪಿನಲ್ಲಿಡಬೇಕು. ಹಾಗೆಂದು ಪ್ರತಿಯೊಂದು ಹಾನಿಗೂ ಸ್ಥಳೀಯ ಸಂಸ್ಥೆಯೇ ಹೊಣೆಯಲ್ಲ. ರಸ್ತೆಬದಿಯ ಮರ ಬಿದ್ದು ಒಬ್ಬರು ಮೃತಪಟ್ಟ ರಾಜಕೋಟೆಯ ಪ್ರಕರಣದಲ್ಲಿ ಅದೇ ನ್ಯಾಯಾಲಯವು 1997ರಲ್ಲಿ ನಗರಪಾಲಿಕೆಯನ್ನು ಹೊಣೆಯಿಂದ ಮುಕ್ತಗೊಳಿಸಿತು. ಹೊಣೆ ಇದೆಯೋ ಇಲ್ಲವೋ ಎಂಬುದನ್ನು ಆಯಾ ಪ್ರಕರಣದ ಸಂಗತಿಗಳು ನಿರ್ಣಯಿಸುತ್ತವೆ. ಆದರೆ ಆ ನಿರ್ಣಯ ಬರುವವರೆಗೆ ವರ್ಷಗಟ್ಟಲೆ ವ್ಯಾಜ್ಯ ನಡೆಸುವವರು ನಾವೇ.

2. ಸುರ್‌ಸಾಗರ ಕೆರೆಯ ಪಾಠ

ಗುತ್ತಿಗೆ, ವಿಮೆ ಮತ್ತು ಸ್ಥಳೀಯ ಸಂಸ್ಥೆ ಮೂರೂ ಒಂದೆಡೆ ಸೇರಿದ ಪ್ರಕರಣವೊಂದು ಗುಜರಾತಿನ ವಡೋದರದಲ್ಲಿ ನಡೆಯಿತು. ಅಲ್ಲಿಯ ಸುರ್‌ಸಾಗರ ಕೆರೆ ನಗರಪಾಲಿಕೆಗೆ ಸೇರಿದ್ದು. ದೋಣಿ ವಿಹಾರ ನಡೆಸುವ ಕೆಲಸವನ್ನು ಪಾಲಿಕೆಯು ಖಾಸಗಿ ಗುತ್ತಿಗೆದಾರರಿಗೆ ಒಪ್ಪಿಸಿತ್ತು. 1993ರ ಆಗಸ್ಟ್‌ನಲ್ಲಿ, ಸುಮಾರು 20 ಜನರನ್ನು ಹೊರಬಲ್ಲ ದೋಣಿಯಲ್ಲಿ 38 ಜನರನ್ನು ಕೂರಿಸಲಾಯಿತು. ಜೀವರಕ್ಷಕ ಅಂಗಿಗಳಿರಲಿಲ್ಲ. ದೋಣಿ ಮಗುಚಿ 22 ಜನರು ನೀರುಪಾಲಾದರು.

ಕೆಲಸ ಗುತ್ತಿಗೆದಾರರದು ಎಂಬುದು ಪಾಲಿಕೆಯ ವಾದವಾಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಜನರ ಸುರಕ್ಷತೆಯನ್ನು ನೋಡಿಕೊಳ್ಳುವ ಕರ್ತವ್ಯವನ್ನು ಒಪ್ಪಂದದ ಮೂಲಕ ಇನ್ನೊಬ್ಬರಿಗೆ ವರ್ಗಾಯಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ ಎಂಬುದು ಅದರ ನಿಲುವು. ವಿಮಾ ಕಂಪನಿಯ ಹೊಣೆಯು ಪಾಲಿಸಿಯಲ್ಲಿ ನಮೂದಿಸಿದ ಮಿತಿಗೆ ಸೀಮಿತವಾಯಿತು.

ಈ ಪ್ರಕರಣದಿಂದ ನಾವು ಮೂರು ವಿಷಯಗಳನ್ನು ಕಲಿಯಬಹುದು. ಒಂದು, ಕೆಲಸವನ್ನು ವರ್ಗಾಯಿಸಬಹುದು, ಕರ್ತವ್ಯವನ್ನಲ್ಲ. ಎರಡು, ವಿಮೆ ಇದ್ದರೆ ಸಾಲದು, ಅದರ ಮೊತ್ತವು ಅಪಾಯದ ಪ್ರಮಾಣಕ್ಕೆ ತಕ್ಕಂತಿರಬೇಕು. ಮೂರು, ಅಪಘಾತದಿಂದ ಅಂತಿಮ ತೀರ್ಪಿನವರೆಗೆ 21 ವರ್ಷಗಳು ಸಂದವು. ಅಷ್ಟು ಕಾಲ ಕಾದದ್ದು ಮಡಿದವರ ಮನೆಯವರು.

3. ಒಂದು ಲೆಕ್ಕ

ಹೊಣೆಯ ಪ್ರಮಾಣವನ್ನು ಅಂಕಿಗಳಲ್ಲಿ ನೋಡೋಣ. ಒಂದು ಪಂಚಾಯಿತಿಯು 4 ಲಕ್ಷ ರೂಪಾಯಿಯ ಚರಂಡಿ ಕಾಮಗಾರಿಯನ್ನು ಗುತ್ತಿಗೆಗೆ ಕೊಟ್ಟಿದೆ ಎಂದು ಭಾವಿಸಿ. ದಿನಕ್ಕೆ 600 ರೂಪಾಯಿ ಕೂಲಿ ಪಡೆಯುವ 30 ವರ್ಷದ ಕಾರ್ಮಿಕನೊಬ್ಬ ಮಣ್ಣು ಕುಸಿದು ಮೃತಪಟ್ಟನೆಂದು ಭಾವಿಸಿ. ತಿಂಗಳಿಗೆ 26 ದಿನದಂತೆ ಅವನ ಸಂಪಾದನೆ 15,600 ರೂಪಾಯಿ. 2020ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಮಾಸಿಕ ವೇತನದ ಮಿತಿ 15,000 ರೂಪಾಯಿ. ಮರಣದ ಪ್ರಕರಣದಲ್ಲಿ ಈ ವೇತನದ ಶೇಕಡಾ 50ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಬೇಕು. 30 ವರ್ಷಕ್ಕೆ ಗುಣಕ 207.98.

7,500 × 207.98 = 15,59,850 ರೂಪಾಯಿ.

ಪರಿಹಾರವನ್ನು ಬಾಧ್ಯತೆ ಉಂಟಾದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿ ಸೇರುತ್ತದೆ. ಮೇಲಿನ ಮೊತ್ತಕ್ಕೆ ಅದು ವರ್ಷಕ್ಕೆ 1,87,182 ರೂಪಾಯಿ. ವಿಳಂಬಕ್ಕೆ ಸಮರ್ಥನೆ ಇಲ್ಲವೆಂದು ಕಂಡುಬಂದರೆ ಪರಿಹಾರದ ಶೇಕಡಾ 50ರವರೆಗೆ ದಂಡವನ್ನೂ ವಿಧಿಸಬಹುದು. ವಿಮಾ ಕಂಪನಿಯು ಪರಿಹಾರ ಮತ್ತು ಬಡ್ಡಿಗೆ ಬಾಧ್ಯವಾಗಬಹುದೇ ಹೊರತು, ಮಾಲೀಕನ ತಪ್ಪಿಗೆ ವಿಧಿಸಿದ ಈ ದಂಡಕ್ಕೆ ಬಾಧ್ಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಸ್ಪಷ್ಟಪಡಿಸಿದೆ.

ಹೀಗೆ 4 ಲಕ್ಷದ ಕಾಮಗಾರಿಯು 15 ಲಕ್ಷಕ್ಕೂ ಮೀರಿದ ಹೊಣೆಯನ್ನು ತರಬಲ್ಲದು. ಗುತ್ತಿಗೆದಾರನಿಂದ ಹಿಡಿದಿಟ್ಟ ಭದ್ರತಾ ಠೇವಣಿ ಅದರ ಸಣ್ಣ ಭಾಗಕ್ಕೂ ಸಾಲದು. ಕಾಮಗಾರಿ ಚಿಕ್ಕದು, ವಿಮೆ ಏಕೆ ಎಂಬ ವಾದ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

4. ಯಾವ ಕೆಲಸಕ್ಕೆ ಯಾವ ವಿಮೆ

ಕಾರ್ಮಿಕರ ನಷ್ಟ ಪರಿಹಾರ ವಿಮೆ: ಗುತ್ತಿಗೆದಾರನ ಕಾರ್ಮಿಕರ ಮರಣ ಮತ್ತು ಗಾಯಗಳಿಗೆ ಸಂಬಂಧಿಸಿದ್ದು. ಕೂಲಿಕಾರರನ್ನು ಬಳಸುವ ಪ್ರತಿಯೊಂದು ಗುತ್ತಿಗೆಗೂ ಇದು ಬೇಕು. ಇ.ಎಸ್.ಐ. ವ್ಯಾಪ್ತಿಗೆ ಬರುವ ಕಾರ್ಮಿಕರಿದ್ದಲ್ಲಿ, ವಂತಿಗೆ ತುಂಬಿದ ರಸೀದಿಯಲ್ಲಿ ಅವರ ಹೆಸರುಗಳಿವೆಯೇ ಎಂದು ನೋಡಬೇಕು. ಗುತ್ತಿಗೆದಾರನು ವಂತಿಗೆ ತುಂಬದಿದ್ದರೆ ಮೂಲ ಮಾಲೀಕನಿಂದಲೇ ಅದನ್ನು ಕೇಳಲು ಅವಕಾಶವಿದೆ.

ಗುತ್ತಿಗೆದಾರರ ಸಮಗ್ರ ಅಪಾಯ ವಿಮೆ: ಕಟ್ಟಡ, ತೊಟ್ಟಿ, ಸೇತುವೆಯಂತಹ ನಿರ್ಮಾಣಗಳಿಗೆ. ಕಾಮಗಾರಿಗೆ ಆಗುವ ಹಾನಿಯ ಜೊತೆಗೆ ಮೂರನೆಯ ವ್ಯಕ್ತಿಗಳಿಗೆ ಆಗುವ ಹಾನಿಯ ಭಾಗವನ್ನೂ ಇದರಲ್ಲಿ ಸೇರಿಸಿಕೊಳ್ಳಬಹುದು. ರಾಜ್ಯದ ಪ್ರಮಾಣಿತ ಟೆಂಡರ್ ದಸ್ತಾವೇಜುಗಳಲ್ಲಿ, ವಿಶೇಷವಾಗಿ ದೊಡ್ಡ ಕಾಮಗಾರಿಗಳಿಗೆ ಬಳಸುವ ಕೆಡಬ್ಲ್ಯು-4ರಲ್ಲಿ, ಮಾಲೀಕ ಮತ್ತು ಗುತ್ತಿಗೆದಾರ ಇಬ್ಬರ ಜಂಟಿ ಹೆಸರಿನಲ್ಲಿ ವಿಮೆ ಇರಬೇಕೆಂಬ ಷರತ್ತಿದೆ. ಗುತ್ತಿಗೆದಾರನು ವಿಮೆ ಮಾಡಿಸದಿದ್ದರೆ ಮಾಲೀಕನೇ ಮಾಡಿಸಿ ಪ್ರೀಮಿಯಂ ಹಣವನ್ನು ಬಿಲ್ಲಿನಿಂದ ಕಡಿತ ಮಾಡಬಹುದು. ಈ ಷರತ್ತು ಕಾಗದದಲ್ಲಿದ್ದರೂ ಸಣ್ಣ ಕಾಮಗಾರಿಗಳಲ್ಲಿ ಅದನ್ನು ಕೇಳುವವರು ವಿರಳ.

ಸಾರ್ವಜನಿಕ ಹೊಣೆ ವಿಮೆ: ನಿರ್ಮಾಣವಲ್ಲದ ಸೇವೆಗಳಿಗೆ, ಉದಾಹರಣೆಗೆ ಜಾತ್ರೆಯ ಪೆಂಡಾಲು, ಬೀದಿದೀಪ ನಿರ್ವಹಣೆ, ಮರ ಕಡಿಯುವಿಕೆ.

ಮೋಟಾರು ವಾಹನ ವಿಮೆ: ಕಸ ಸಾಗಿಸುವ ವಾಹನ, ನೀರಿನ ಟ್ಯಾಂಕರ್, ಜೆ.ಸಿ.ಬಿ. ಎಲ್ಲಕ್ಕೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಚಾಲಕನ ಪರವಾನಗಿಯನ್ನು ಪರಿಶೀಲಿಸುವುದು ಅಷ್ಟೇ ಮುಖ್ಯ. ಪರವಾನಗಿ ಸರಿಯಿಲ್ಲದಿದ್ದಲ್ಲಿ ವಿಮಾ ಕಂಪನಿಯು ಸಂತ್ರಸ್ತರಿಗೆ ಹಣ ಕೊಟ್ಟು ನಂತರ ವಾಹನದ ಮಾಲೀಕನಿಂದ ವಸೂಲು ಮಾಡುವಂತೆ ಆದೇಶವಾಗಬಹುದು. ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿ ಉಳ್ಳವರು ಚಲಾಯಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಕಸದ ವಾಹನ ನಡೆಸುವ ಸ್ವಸಹಾಯ ಸಂಘದ ಸದಸ್ಯೆಯರಿಗೆ ಇದು ಉಪಯುಕ್ತ ಮಾಹಿತಿ.

ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತ ಮರಣಕ್ಕೆ 2 ಲಕ್ಷ ರೂಪಾಯಿ ನೀಡುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ಕಚೇರಿಯುಳ್ಳ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯು ನೋಂದಾಯಿತ ಕಾರ್ಮಿಕರಿಗೆ ಸಹಾಯಧನಗಳನ್ನು ಕೊಡುತ್ತದೆ. ಇವು ಕುಟುಂಬಕ್ಕೆ ಹೆಚ್ಚುವರಿ ಆಸರೆಗಳು. ಮಾಲೀಕನ ಕಾನೂನುಬದ್ಧ ಹೊಣೆಗೆ ಬದಲಿಯಲ್ಲ. ಬಿಲ್ಲಿನಿಂದ ಶೇಕಡಾ 1ರ ಸೆಸ್ ಕಡಿತವಾದ ಮಾತ್ರಕ್ಕೆ ಕಾರ್ಮಿಕರಿಗೆ ವಿಮೆಯಾಯಿತು ಎಂದು ತಿಳಿಯಬಾರದು.

5. ಪಾಲಿಸಿಯನ್ನು ಓದುವ ಕ್ರಮ

ಕಡತದಲ್ಲಿ ವಿಮೆಯ ಪ್ರತಿ ಇದೆ ಎಂಬುದು ಪರಿಶೀಲನೆಯಾಗದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಕಾರ್ಯಾದೇಶ ನೀಡುವ ಮುನ್ನ ಪ್ರತಿಯನ್ನು ಸಭೆಯ ಮುಂದಿಟ್ಟಾಗ ಸದಸ್ಯರು ಈ ಅಂಶಗಳನ್ನು ಕೇಳಬೇಕು:

(ಅ) ಹೆಸರು: ಟೆಂಡರ್ ಪಡೆದವರ ಹೆಸರೂ ಪಾಲಿಸಿಯಲ್ಲಿರುವ ಹೆಸರೂ ಒಂದೆಯೇ? ಮಾಲೀಕರ ಸಹೋದರನ ಸಂಸ್ಥೆಯ ಪಾಲಿಸಿ ನಮ್ಮ ಕಾಮಗಾರಿಯನ್ನು ಕಾಯುವುದಿಲ್ಲ. ಪಂಚಾಯಿತಿಯ ಹೆಸರು ಮೂಲ ಮಾಲೀಕನೆಂದು ಸೇರಿದೆಯೇ?

(ಆ) ಅವಧಿ: ಕಾಮಗಾರಿಯ ಮೊದಲ ದಿನದಿಂದ ದೋಷ ಹೊಣೆಗಾರಿಕೆಯ ಅವಧಿಯವರೆಗೆ ವಿಮೆ ಇದೆಯೇ? ಅವಧಿ ವಿಸ್ತರಣೆಗೆ ಮಂಜೂರಾತಿ ಕೊಟ್ಟಾಗ ವಿಮೆಯೂ ವಿಸ್ತರಣೆಯಾಗಿದೆಯೇ?

(ಇ) ಕೆಲಸದ ವಿವರಣೆ: ಪಾಲಿಸಿಯಲ್ಲಿ “ಬಣ್ಣ ಬಳಿಯುವಿಕೆ” ಎಂದಿದ್ದು, ಕಾರ್ಮಿಕನು 12 ಮೀಟರ್ ಎತ್ತರದ ತೊಟ್ಟಿಯ ಮೇಲೇರಿದ್ದರೆ ಕ್ಲೇಮು ತಿರಸ್ಕೃತವಾಗಬಹುದು. ಎತ್ತರ, ಆಳ, ಸ್ಥಳಗಳ ಮಿತಿಗಳನ್ನು ಓದಬೇಕು.

(ಈ) ಕಾರ್ಮಿಕರ ಸಂಖ್ಯೆ ಮತ್ತು ವೇತನ: 5 ಜನರಿಗೆ ಪ್ರೀಮಿಯಂ ಕಟ್ಟಿ 15 ಜನರನ್ನು ದುಡಿಸುವುದು ಸಾಮಾನ್ಯ ಲೋಪ. ಹಾಜರಿ ಪುಸ್ತಕದೊಡನೆ ಹೋಲಿಸಬೇಕು.

(ಉ) ಮೊತ್ತದ ಮಿತಿ: ಒಂದು ಅಪಘಾತಕ್ಕೆ ಎಷ್ಟು, ಇಡೀ ಅವಧಿಗೆ ಎಷ್ಟು, ಗುತ್ತಿಗೆದಾರನು ತಾನೇ ಭರಿಸಬೇಕಾದ ಭಾಗ ಎಷ್ಟು?

(ಊ) ಪ್ರೀಮಿಯಂ: 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಂತೆ ಪ್ರೀಮಿಯಂ ಸಂದಾಯವಾಗದೆ ವಿಮಾ ಕಂಪನಿಯು ಅಪಾಯವನ್ನು ವಹಿಸಿಕೊಳ್ಳುವಂತಿಲ್ಲ. ಆದ್ದರಿಂದ ಪಾಲಿಸಿಯ ಜೊತೆಗೆ ರಸೀದಿಯನ್ನೂ ಪಡೆದು, ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ಅದನ್ನು ನೀಡಿದ ಶಾಖೆಯಿಂದಲೇ ದೃಢಪಡಿಸಿಕೊಳ್ಳಬೇಕು.

ಈ ಪರಿಶೀಲನೆಗೆ ಅರ್ಧ ಗಂಟೆ ಸಾಕು. ನಮ್ಮಲ್ಲಿ ಕೆಲಸ ಮಾಡುವ ಅನೇಕ ಏಜೆನ್ಸಿಗಳ ಕಚೇರಿಗಳೂ ವಿಮಾ ಕಂಪನಿಗಳ ಶಾಖೆಗಳೂ ಜಯನಗರ, ಬನಶಂಕರಿಗಳಲ್ಲಿಯೇ ಇರುವುದರಿಂದ ದೂರದ ನೆಪ ಹೇಳುವಂತಿಲ್ಲ.

6. ಉಪಗುತ್ತಿಗೆ: ಕಾಣದ ಕೊಂಡಿ

ಟೆಂಡರ್ ಒಬ್ಬರ ಹೆಸರಿನಲ್ಲಿ, ಸಾಮಗ್ರಿ ಇನ್ನೊಬ್ಬರದು, ಕೂಲಿಯಾಳುಗಳನ್ನು ತರುವವರು ಮತ್ತೊಬ್ಬರು. ಅಪಘಾತವಾದಾಗ ಪ್ರತಿಯೊಬ್ಬರೂ ಕೆಳಗಿನವರ ಕಡೆಗೆ ಬೆರಳು ತೋರುತ್ತಾರೆ. ಕೊನೆಯ ಕೊಂಡಿಯಲ್ಲಿರುವ ಮೇಸ್ತ್ರಿಯ ಬಳಿ ಕೊಡಲು ಏನೂ ಇರುವುದಿಲ್ಲ. ಆಗ ಕಾನೂನು ಸರಪಳಿಯ ಮೇಲಕ್ಕೆ ನೋಡುತ್ತದೆ. ಮೇಲ್ತುದಿಯಲ್ಲಿ ಇರುವುದು ಪಂಚಾಯಿತಿ.

ಮುಖ್ಯ ಗುತ್ತಿಗೆದಾರನ ಕಾರ್ಮಿಕ ಪರಿಹಾರ ಪಾಲಿಸಿಯು ಸಾಮಾನ್ಯವಾಗಿ ಅವನು ನೇರವಾಗಿ ನೇಮಿಸಿಕೊಂಡವರಿಗೆ ಮಾತ್ರ ಅನ್ವಯಿಸುತ್ತದೆ. ಉಪಗುತ್ತಿಗೆದಾರರ ಕಾರ್ಮಿಕರು ಅದರಲ್ಲಿ ಸೇರಬೇಕಾದರೆ ಪ್ರತ್ಯೇಕ ಸೇರ್ಪಡೆ ಬರಹ ಇರಬೇಕು, ಅದಕ್ಕೆ ಪ್ರೀಮಿಯಂ ತೆತ್ತಿರಬೇಕು. ಆದ್ದರಿಂದ ಒಪ್ಪಂದದಲ್ಲಿ ಈ ಮೂರು ಷರತ್ತುಗಳು ಇರಲಿ: ಪಂಚಾಯಿತಿಯ ಲಿಖಿತ ಒಪ್ಪಿಗೆಯಿಲ್ಲದೆ ಉಪಗುತ್ತಿಗೆ ಕೂಡದು; ಒಪ್ಪಿಗೆ ಕೊಟ್ಟಲ್ಲಿ ಉಪಗುತ್ತಿಗೆದಾರನ ಕಾರ್ಮಿಕರಿಗೂ ವಿಮೆ ಇರಬೇಕು; ಸ್ಥಳದಲ್ಲಿರುವ ಎಲ್ಲ ಕಾರ್ಮಿಕರ ಪಟ್ಟಿಯನ್ನು ವಾರಕ್ಕೊಮ್ಮೆ ಸಲ್ಲಿಸಬೇಕು.

ಒಪ್ಪಂದದಲ್ಲಿ ಸೇರಿಸಬಹುದಾದ ಮಾದರಿ ವಾಕ್ಯ: “ಗುತ್ತಿಗೆದಾರನ, ಅವನ ಉಪಗುತ್ತಿಗೆದಾರರ ಅಥವಾ ಅವರ ಕಾರ್ಮಿಕರ ಕೃತ್ಯ ಇಲ್ಲವೇ ಲೋಪದಿಂದ ಯಾವುದೇ ವ್ಯಕ್ತಿಗೆ ಅಥವಾ ಆಸ್ತಿಗೆ ಹಾನಿಯುಂಟಾಗಿ ಗ್ರಾಮ ಪಂಚಾಯಿತಿಯು ತೆರಬೇಕಾಗುವ ಪರಿಹಾರ, ಬಡ್ಡಿ ಮತ್ತು ವ್ಯಾಜ್ಯದ ವೆಚ್ಚವನ್ನು ಗುತ್ತಿಗೆದಾರನು ಭರಿಸತಕ್ಕದ್ದು, ಬಾಕಿ ಬಿಲ್ಲು ಮತ್ತು ಠೇವಣಿಗಳಿಂದ ಅದನ್ನು ವಸೂಲು ಮಾಡಿಕೊಳ್ಳಲು ಪಂಚಾಯಿತಿಗೆ ಅಧಿಕಾರವಿರತಕ್ಕದ್ದು.” ಇಂತಹ ವಾಕ್ಯದ ಬಲವು ಗುತ್ತಿಗೆದಾರನ ಆರ್ಥಿಕ ಬಲದಷ್ಟೇ. ಅದರ ಹಿಂದೆ ಚಾಲ್ತಿಯಲ್ಲಿರುವ ಪಾಲಿಸಿ ಇದ್ದರೆ ಮಾತ್ರ ಅದು ಹಣವಾಗಿ ಕೈಗೆ ಬರುತ್ತದೆ.

7. ವಿಮೆ ಕಾಯಲಾರದ ಕೆಲಸಗಳು

ಕೆಲವು ಅಪಾಯಗಳನ್ನು ವಿಮೆಯಿಂದ ನಿಭಾಯಿಸಲಾಗದು, ತಡೆಯಲೇಬೇಕು. 2018ರ ಜನವರಿಯಲ್ಲಿ ಎಚ್.ಎಸ್.ಆರ್. ಬಡಾವಣೆಯ ಬಳಿಯ ಸೋಮಸುಂದರಪಾಳ್ಯದ ವಸತಿ ಸಮುಚ್ಚಯವೊಂದರಲ್ಲಿ ಕೊಳಚೆ ನೀರು ಸಂಸ್ಕರಣಾ ಗುಂಡಿಗೆ ಇಳಿದ ಮೂವರು ಮೃತಪಟ್ಟರು. ನಮ್ಮ ವ್ಯಾಪ್ತಿಯಲ್ಲಿ ಬೆಳೆಯುತ್ತಿರುವ ಹೊಸ ಬಡಾವಣೆಗಳಲ್ಲಿ ಇಂತಹ ಗುಂಡಿಗಳು ಹೆಚ್ಚುತ್ತಿವೆ. ಮಲ ಹೊರುವ ವೃತ್ತಿ ನಿಷೇಧಿಸುವ 2013ರ ಕಾಯ್ದೆಯ 7ನೆಯ ಕಲಮಿನಂತೆ ಯಾವುದೇ ವ್ಯಕ್ತಿ, ಸ್ಥಳೀಯ ಪ್ರಾಧಿಕಾರ ಅಥವಾ ಏಜೆನ್ಸಿಯು ಒಳಚರಂಡಿ ಇಲ್ಲವೇ ಶೌಚಗುಂಡಿಯ ಅಪಾಯಕಾರಿ ಶುಚಿಗೆ ಜನರನ್ನು ತೊಡಗಿಸುವಂತಿಲ್ಲ. ಮೊದಲ ಉಲ್ಲಂಘನೆಗೆ 2 ವರ್ಷದವರೆಗೆ ಕಾರಾಗೃಹವಾಸ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಉಂಟು. ಇಂತಹ ಮರಣಗಳಿಗೆ 2014ರಲ್ಲಿ 10 ಲಕ್ಷವೆಂದು ನಿಗದಿಯಾಗಿದ್ದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ 30 ಲಕ್ಷಕ್ಕೆ ಏರಿಸಿತು. ಗುತ್ತಿಗೆದಾರನಿಗೆ ವಿಮೆ ಇದೆ ಎಂಬುದು ಮನುಷ್ಯನನ್ನು ಗುಂಡಿಗಿಳಿಸಲು ಅನುಮತಿಯಾಗದು. ಯಂತ್ರದಿಂದ ಮಾತ್ರ ಎಂಬುದು ಒಪ್ಪಂದದ ಮೊದಲ ಷರತ್ತಾಗಿರಬೇಕು.

ಕೊಳವೆಬಾವಿಯದೂ ಇದೇ ಬಗೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಕೂಸನ್ನು ಜೀವಂತವಾಗಿ ಹೊರತೆಗೆದಾಗ ನಾಡೇ ನಿಟ್ಟುಸಿರುಬಿಟ್ಟಿತು. ಎಲ್ಲ ಮಕ್ಕಳಿಗೂ ಆ ಭಾಗ್ಯ ಇರಲಿಲ್ಲ. 2010ರ ಸರ್ವೋಚ್ಚ ನ್ಯಾಯಾಲಯದ ಮಾರ್ಗಸೂಚಿಯಂತೆ ಕೊರೆಯುವ 15 ದಿನ ಮೊದಲು ಲಿಖಿತ ಮಾಹಿತಿ, ಏಜೆನ್ಸಿಯ ನೋಂದಣಿ, ಸ್ಥಳದಲ್ಲಿ ಫಲಕ ಮತ್ತು ಬೇಲಿ, ಬಾಯಿಗೆ ಭದ್ರವಾದ ಮುಚ್ಚಳ, ವಿಫಲ ಬಾವಿಯನ್ನು ತಳದಿಂದ ತುಂಬುವಿಕೆ ಕಡ್ಡಾಯ. ಮುಚ್ಚಿದ ಬಾವಿಯ ಛಾಯಾಚಿತ್ರವಿಲ್ಲದೆ ಅಂತಿಮ ಬಿಲ್ಲು ಪಾವತಿಸಬಾರದು.

8. ಅವಘಡ ಸಂಭವಿಸಿದಾಗ

ಮೊದಲು ಚಿಕಿತ್ಸೆ, ಹೊಣೆಯ ಚರ್ಚೆ ಆಮೇಲೆ. ಪೊಲೀಸರಿಗೆ ಮಾಹಿತಿ ನೀಡಿ, ವಿಮಾ ಕಂಪನಿಗೆ ಅಂದೇ ಲಿಖಿತ ಸೂಚನೆ ಕೊಡಬೇಕು. ತಡವಾದ ಸೂಚನೆಯು ಕ್ಲೇಮಿಗೆ ತೊಡಕಾಗುತ್ತದೆ. ಹಾಜರಿ ಪುಸ್ತಕ, ಕಾರ್ಯಾದೇಶ, ಪಾಲಿಸಿಗಳನ್ನು ಸುರಕ್ಷಿತವಾಗಿಡಬೇಕು. ಮರಣ ಸಂಭವಿಸಿದ್ದಲ್ಲಿ 1923ರ ಕಾಯ್ದೆಯ ಕ್ರಮದಂತೆ 7 ದಿನಗಳೊಳಗೆ ಆಯುಕ್ತರಿಗೆ ವರದಿ ಸಲ್ಲಬೇಕು. ಪರಿಹಾರದ ಹಣವನ್ನು ಆಯುಕ್ತರಲ್ಲಿಯೇ ಠೇವಣಿ ಇಡಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಊರ ಹಿರಿಯರ ಸಮಕ್ಷಮದಲ್ಲಿ 50 ಸಾವಿರವನ್ನೋ ಲಕ್ಷವನ್ನೋ ಕೊಟ್ಟು, “ಇನ್ನು ಹಕ್ಕು ಕೇಳುವುದಿಲ್ಲ” ಎಂದು ವಿಧವೆಯಿಂದ ಹೆಬ್ಬೆರಳು ಒತ್ತಿಸಿಕೊಳ್ಳುವ ರಾಜಿ ಪದ್ಧತಿ ಅಲ್ಲಲ್ಲಿ ಇದೆ. ಇಂತಹ ಹಕ್ಕು ಬಿಟ್ಟುಕೊಡುವ ಪತ್ರಗಳು ಕಾಯ್ದೆಯ 17ನೆಯ ಕಲಮಿನಂತೆ ಅನೂರ್ಜಿತ. ಸದಸ್ಯರು ಅದಕ್ಕೆ ಸಾಕ್ಷಿಗಳಾಗಬಾರದು. ಆ ಕುಟುಂಬವೂ ನಮ್ಮನ್ನು ಆರಿಸಿದ ಮತದಾರರದೇ, ಇಲ್ಲವೇ ಕೆಲಸ ಅರಸಿ ಕಲಬುರಗಿ, ರಾಯಚೂರುಗಳಿಂದ ನಮ್ಮೂರಿಗೆ ಬಂದವರದು.

ವೈಯಕ್ತಿಕ ಪಾಲಿಸಿಯ ಕ್ಲೇಮನ್ನು ವಿಮಾ ಕಂಪನಿ ತಿರಸ್ಕರಿಸಿದರೆ ಕುಟುಂಬದವರು ಮೊದಲು ಕಂಪನಿಗೆ ಲಿಖಿತ ದೂರು ನೀಡಿ, ಪರಿಹಾರ ಸಿಗದಿದ್ದಲ್ಲಿ ಜೆ.ಪಿ. ನಗರ 1ನೆಯ ಹಂತದ ಜೀವನ್ ಸೌಧದಲ್ಲಿರುವ ವಿಮಾ ಲೋಕಪಾಲರ ಕಚೇರಿಯನ್ನು ಶುಲ್ಕವಿಲ್ಲದೆ ಸಂಪರ್ಕಿಸಬಹುದು. ಈ ಮಾಹಿತಿಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವುದು ಉಪಯುಕ್ತ.

9. ಸಾಮಾನ್ಯ ಸಭೆಯ ಪರಿಗಣನೆಗೆ

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯಗಳನ್ನು ಕಾರ್ಯಸೂಚಿಗೆ ಸೇರಿಸಿ ನಿರ್ಣಯ ಕೈಗೊಳ್ಳಬಹುದು: ವಿಮೆಯ ಪರಿಶೀಲನೆಯಾಗದೆ ಕಾರ್ಯಾದೇಶ ನೀಡದಿರುವುದು; ಪ್ರತಿಯೊಂದು ಗುತ್ತಿಗೆಯ ವಿಮೆಯ ಮುಕ್ತಾಯ ದಿನಾಂಕವನ್ನು ತೋರಿಸುವ ವಹಿಯನ್ನು ಇಡುವುದು; ಬಿಲ್ಲು ಪಾವತಿಗೆ ಮುನ್ನ ಪಾಲಿಸಿ ಚಾಲ್ತಿಯಲ್ಲಿದೆಯೆಂದು ದೃಢೀಕರಿಸುವುದು; ವಿಮೆಯ ವೆಚ್ಚವನ್ನು ಅಂದಾಜು ಪಟ್ಟಿಯಲ್ಲಿಯೇ ಸೇರಿಸುವುದು. ಕೊನೆಯದು ಮುಖ್ಯ. ವೆಚ್ಚವನ್ನು ಅಂದಾಜಿನಲ್ಲಿ ತೋರಿಸದೆ ವಿಮೆ ಕೇಳಿದರೆ, ಸಣ್ಣ ಗುತ್ತಿಗೆದಾರನು ಅದನ್ನು ಕೂಲಿಯಿಂದಲೇ ಉಳಿಸಲು ನೋಡುತ್ತಾನೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪಂಚಾಯಿತಿಯಲ್ಲಿ ಈಗ ನಡೆಯುತ್ತಿರುವ ಎಷ್ಟು ಗುತ್ತಿಗೆಗಳಿಗೆ ಚಾಲ್ತಿಯಲ್ಲಿರುವ ವಿಮೆ ಇದೆ?
2. ಕಳೆದ ಬಾರಿ ನೀರಿನ ತೊಟ್ಟಿಯನ್ನು ತೊಳೆದವರ ಹೆಸರು ನಮ್ಮ ಯಾವುದಾದರೂ ದಾಖಲೆಯಲ್ಲಿ ಇದೆಯೇ?
3. ನಮ್ಮ ವ್ಯಾಪ್ತಿಯಲ್ಲಿ ಮುಚ್ಚದೆ ಉಳಿದಿರುವ ಕೊಳವೆಬಾವಿಗಳು ಎಷ್ಟು?
4. 15 ಲಕ್ಷ ರೂಪಾಯಿಯ ಪರಿಹಾರದ ಆದೇಶ ನಾಳೆ ಬಂದರೆ ಸ್ವಂತ ಸಂಪನ್ಮೂಲದಿಂದ ಅದನ್ನು ಕೊಡಬಲ್ಲೆವೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕಡತಗಳ ಜೊತೆಗೆ ಕಾಮಗಾರಿಯ ಸ್ಥಳಗಳಿಗೂ ಹೋಗಬೇಕಾಗುತ್ತದೆ. ಸದಸ್ಯರು ತಮ್ಮ ತಮ್ಮ ವಾರ್ಡುಗಳಲ್ಲಿ ನಡೆಯುತ್ತಿರುವ ಕೆಲಸಗಳನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ, ಕಂಡ ಲೋಪಗಳನ್ನು ಸಭೆಯ ಗಮನಕ್ಕೆ ತರುವುದು.